ಸೋಯಾ ಬೇರಿನಲ್ಲಿ ಅಡಗಿದ ಕಳ್ಳ

ಹೊಲದ ತುಂಬ ಸೋಯಾಬೀನ್ ಹಚ್ಚಗೆ ನಿಂತಿದೆ. ಎಲೆಯಲ್ಲಿ ಚುಕ್ಕೆಯಿಲ್ಲ, ಗಿಡ ಬಾಡಿಲ್ಲ. ಆದರೆ ಒಕ್ಕಿದಾಗ ರಾಶಿ ಮಾತ್ರ ಚಿಕ್ಕದು! ಇಳುವರಿ ಕದ್ದ ಕಳ್ಳ ಎಲ್ಲಿ? ನೆಲದೊಳಗೆ.

ಇದೇ ಸೋಯಾಬೀನಿನ ಸಿಸ್ಟ್ ಜಂತುಹುಳು. ಅಮೆರಿಕದಲ್ಲಿ ಇದು ಮೊದಲು ಪತ್ತೆಯಾದದ್ದು 1954ರಲ್ಲಿ, ಉತ್ತರ ಕೆರೊಲಿನಾದಲ್ಲಿ. ಮರಿಹುಳು ಬೇರನ್ನು ಹೊಕ್ಕು ಗಿಡದ ಆಹಾರ ಹೀರುತ್ತದೆ. ಹೆಣ್ಣುಹುಳು ನಿಂಬೆಹಣ್ಣಿನಂತೆ ಉಬ್ಬಿ, ಬೇರಿನ ಮೇಲೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಅದು ಸತ್ತ ಮೇಲೆ ದೇಹವೇ ಗಟ್ಟಿಯಾದ ಕಂದು ಚೀಲವಾಗುತ್ತದೆ. ಒಳಗಿನ ನೂರಾರು ಮೊಟ್ಟೆಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಬದುಕಬಲ್ಲವು.

ವಿಜ್ಞಾನಿಗಳು ನಿರೋಧಕ ತಳಿಗಳನ್ನು ರೂಪಿಸಿದರು. ಆದರೆ ಅವುಗಳಲ್ಲಿ ಬಹುಪಾಲು 'ಪಿಐ 88788' ಎಂಬ ಒಂದೇ ಮೂಲದಿಂದ ಗುಣ ಪಡೆದವು. ದಶಕಗಳ ಕಾಲ ಅದನ್ನೇ ಬಿತ್ತಿದಾಗ, ಅದಕ್ಕೆ ಜಗ್ಗದ ಹುಳುಗಳು ಉಳಿದು ಸಂತಾನ ಬೆಳೆಸಿದವು. ಪಠ್ಯಪುಸ್ತಕದ 'ನೈಸರ್ಗಿಕ ಆಯ್ಕೆ' ಎಂದರೆ ಇದೇ ತಾನೆ?

ಹಾಗಾದರೆ ದಾರಿಯೇನು? ಮಣ್ಣು ಪರೀಕ್ಷೆ ಮಾಡಿಸುವುದು, ಈ ಹುಳುವಿಗೆ ಆಸರೆ ಕೊಡದ ಮೆಕ್ಕೆಜೋಳವನ್ನು ನಡುವೆ ಬೆಳೆಯುವುದು, 'ಪೀಕಿಂಗ್'ನಂಥ ಬೇರೆ ಮೂಲದ ತಳಿಗಳನ್ನು ಸರದಿಯಂತೆ ಬಿತ್ತುವುದು, ಮಣ್ಣು ಮೆತ್ತಿದ ಯಂತ್ರಗಳನ್ನು ತೊಳೆದು ಒಯ್ಯುವುದು.

ನಮ್ಮ ಧಾರವಾಡ, ಬೆಳಗಾವಿ ಭಾಗದ ಸೋಯಾಬೀನಿಗೆ ಕಾಟ ಕೊಡುವುದು ಗಾಳಿಯಲ್ಲಿ ಹರಡುವ ತುಕ್ಕು ರೋಗ. ಅದನ್ನು ತಡೆಯಬಲ್ಲ 'ಡಿಎಸ್‌ಬಿ 21' ತಳಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೊಟ್ಟಿದೆ. ವೈರಿ ಬೇರೆಯಾದರೂ ಪಾಠ ಒಂದೇ: ಎಷ್ಟೇ ಒಳ್ಳೆಯ ತಳಿಯಾದರೂ ಅದೊಂದನ್ನೇ ನೆಚ್ಚಿ ಕೂರಬಾರದು. ಮಕ್ಕಳೇ, ಹೊಲಕ್ಕೆ ಹೋದಾಗ ಎಲೆಯ ಅಡಿಯನ್ನೂ ನೋಡಿ, ಒಂದು ಗಿಡ ಅಗೆದು ಬೇರನ್ನೂ ನೋಡಿ.