ಎರಡು ಸೆಕೆಂಡಿನಲ್ಲಿ ಎಷ್ಟು ದೂರ?

ಮಕ್ಕಳೇ, ಆಟಿಕೆ ಕಾರಿನ ಮೇಲೆ ಒಂದು ರಬ್ಬರ್ ಇಟ್ಟು ಗೋಡೆಯತ್ತ ಜೋರಾಗಿ ತಳ್ಳಿ. ಕಾರು ಗೋಡೆಗೆ ಬಡಿದು ನಿಲ್ಲುತ್ತದೆ. ರಬ್ಬರ್ ಮಾತ್ರ ಮುಂದಕ್ಕೆ ಹಾರುತ್ತದೆ. ಇದಕ್ಕೆ ಕಾರಣ ಜಡತ್ವ.

ನಿಜವಾದ ಕಾರು ಡಿಕ್ಕಿ ಹೊಡೆದಾಗಲೂ ಹೀಗೆಯೇ. ಕಾರು ನಿಂತರೂ ಒಳಗಿರುವವರ ದೇಹ ಅದೇ ವೇಗದಲ್ಲಿ ಮುಂದೆ ಸಾಗುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಸೀಟ್ ಬೆಲ್ಟ್. ಎದೆ ಮತ್ತು ಸೊಂಟದ ಮೇಲೆ ಹಾಯುವ ಇಂದಿನ ಬೆಲ್ಟನ್ನು 1959ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಅದು ಹೊಡೆತವನ್ನು ದೇಹದ ಗಟ್ಟಿ ಮೂಳೆಗಳಿಗೆ ಹಂಚುತ್ತದೆ. ಕಾರಿನ ಮುಂಭಾಗವನ್ನೂ ಬೇಕೆಂದೇ ಮುದುಡುವಂತೆ ಮಾಡಿರುತ್ತಾರೆ. ಕಾರು ನಿಲ್ಲಲು ತುಸು ಹೆಚ್ಚು ಸಮಯ ಸಿಕ್ಕಿ, ಹೊಡೆತ ಕಡಿಮೆಯಾಗುತ್ತದೆ. ಭೀಕರ ಅಪಘಾತದಲ್ಲೂ ಹಲವರು ಬದುಕುಳಿಯುವುದು ಹೀಗೆ.

ಆದರೆ ಅಪಘಾತವೇ ಆಗದಂತೆ ತಡೆಯುವುದು ಇನ್ನೂ ಮೇಲಲ್ಲವೇ? ಈ ಲೆಕ್ಕ ಮಾಡಿ. ಗಂಟೆಗೆ 54 ಕಿ.ಮೀ. ವೇಗದ ಕಾರು ಸೆಕೆಂಡಿಗೆ 15 ಮೀಟರ್ ಸಾಗುತ್ತದೆ. ಚಾಲಕರು 2 ಸೆಕೆಂಡು ಮೊಬೈಲ್ ನೋಡಿದರೆ 30 ಮೀಟರ್ ರಸ್ತೆಯನ್ನು ನೋಡದೆಯೇ ದಾಟಿರುತ್ತಾರೆ! ಆ ನಡುವೆ ಹಸುವೋ ಮಗುವೋ ಅಡ್ಡ ಬಂದರೆ? ಫೋನನ್ನು ಕೈಯಲ್ಲಿ ಹಿಡಿಯದೆ ಮಾತನಾಡಿದರೂ ಗಮನ ಬೇರೆಡೆ ಹೋಗುತ್ತದೆ.

ಶಾಲೆಯ ಅಂಗಳದಲ್ಲಿ 30 ಮೀಟರ್ ಅಳೆದು ನೋಡಿ. ಮನೆಯವರು ಗಾಡಿ ಓಡಿಸುವಾಗ ಫೋನ್ ಬಂದರೆ, “ಪಕ್ಕಕ್ಕೆ ನಿಲ್ಲಿಸಿ ಮಾತಾಡಿ” ಎಂದು ಹೇಳಿ.