ಕ್ಷೌಮ, ರಾಂಕವ ಮತ್ತು ಇಳಕಲ್ಲ ಸೀರೆ

ಕಾವ್ಯಗಳಲ್ಲಿ ಬರುವ ಕ್ಷೌಮ, ದುಕೂಲ, ಕೌಶೇಯ ಎಂಬ ಶಬ್ದಗಳೆಲ್ಲಕ್ಕೂ ರೇಷ್ಮೆಯ ಬಟ್ಟೆಯೆಂದು ಒಂದೇ ಅರ್ಥ ಹೇಳಿ ಮುಂದೆ ಸಾಗುವ ರೂಢಿಯುಂಟು. ಅಮರಸಿಂಹನು ಇಷ್ಟು ಉದಾಸೀನನಲ್ಲ. ಅವನು ವಸ್ತ್ರಗಳನ್ನು ಮೂಲದ್ರವ್ಯದ ಮೇಲಿಂದ ನಾಲ್ಕಾಗಿ ವಿಂಗಡಿಸಿರುವನು: ತೊಗಟೆನಾರಿನಿಂದಾದ ಕ್ಷೌಮಾದಿಗಳು, ಕಾಯಿಯಿಂದಾದ ಕಾರ್ಪಾಸ, ಹುಳುವಿನ ಗೂಡಿನಿಂದಾದ ಕೌಶೇಯ, ಮೃಗರೋಮದಿಂದಾದ ರಾಂಕವ. ಕ್ಷುಮಾ ಎಂದರೆ ಅಗಸೆ. ಆದುದರಿಂದ ಕ್ಷೌಮವು ಮೂಲತಃ ಅಗಸೆನಾರಿನ ಬಟ್ಟೆಯೇ ಹೊರತು ರೇಷ್ಮೆಯಲ್ಲ. ಈ ಭೇದವು ಬರಿಯ ನಿಘಂಟಿನ ಮಾತಲ್ಲವೆಂಬುದಕ್ಕೆ ಮಗ್ಗವೇ ಸಾಕ್ಷಿ.

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಈಜಿಪ್ಟಿನ ಅಖ್ಮೀಮ್ ಮೊದಲಾದೆಡೆಯ ಸಮಾಧಿಗಳಿಂದ ಬಂದ ಹಳೆಯ ಬಟ್ಟೆಗಳಿವೆ. ಅವುಗಳಲ್ಲಿ ಅನೇಕವು 4ರಿಂದ 7ನೆಯ ಶತಮಾನದೊಳಗಿನವು. ಒಣ ಮರಳೇ ಅವನ್ನು ಕಾಪಾಡಿತು. ಚಿತ್ರಪಟ್ಟಿಕೆಗಳಲ್ಲಿ ಹಾಸು ಬಣ್ಣವಿಲ್ಲದ ಅಗಸೆನೂಲು, ಹೊಕ್ಕು ಬಣ್ಣದ ಉಣ್ಣೆ. ಇದಕ್ಕೆ ಕಾರಣ ಸರಳವಾದುದು. ಅಗಸೆನಾರು ಗಟ್ಟಿ, ಮಗ್ಗದ ಬಿಗುವನ್ನು ತಾಳುತ್ತದೆ. ಆದರೆ ಬಣ್ಣವನ್ನು ಸುಲಭವಾಗಿ ಹಿಡಿಯದು. ಉಣ್ಣೆಯು ಮಂಜಿಷ್ಠದ ಜಾತಿಯ ಬೇರಿನ ಕೆಂಪನ್ನೂ ನೀಲಿಯನ್ನೂ ಚೆನ್ನಾಗಿ ಹೀರುತ್ತದೆ. ಇವೆರಡನ್ನು ಕೂಡಿಸಿ ದುಬಾರಿಯಾದ ಶಂಖದ ಧೂಮ್ರವರ್ಣವನ್ನೂ ಅನುಕರಿಸುತ್ತಿದ್ದರು. (ಉಣ್ಣೆ-ಅಗಸೆಗಳನ್ನು ಬೆರಸಿದ ಬಟ್ಟೆಯನ್ನು ಯೆಹೂದ್ಯರ ಧರ್ಮಶಾಸ್ತ್ರವು ನಿಷೇಧಿಸಿತೆಂಬುದು ಇಲ್ಲಿ ನೆನೆಯತಕ್ಕದ್ದು.)

ಇನ್ನು ನಮ್ಮ ಕಡೆಗೆ ಬರೋಣ. ಜಮಖಂಡಿ, ಮುಧೋಳ, ಬೀಳಗಿಗಳ ಸೀಮೆಯಲ್ಲಿ ಉಣ್ಣೆಗೆ ಕೊರತೆಯಿಲ್ಲ. ಆದರೆ ಕುರುಬರ ಕಂಬಳಿಯು ಕುರಿಯ ಸಹಜವಾದ ಕಪ್ಪಿನಲ್ಲಿಯೇ ನಿಂತಿತು. ಹುಣಿಸೆಬೀಜದ ಗಂಜಿಯನ್ನುಂಡಿತೇ ಹೊರತು ಹತ್ತಿಯೊಡನೆ ಕೂಡಲಿಲ್ಲ. ಕೂಡಿದುದು ರೇಷ್ಮೆ. ರಬಕವಿ-ಬನಹಟ್ಟಿಯ ನೇಕಾರರಿಗೂ ಪರಿಚಿತವಾದ ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಸಾಮಾನ್ಯವಾಗಿ ಹತ್ತಿ, ಸೆರಗಿನದು ಕೆಂಪು ರೇಷ್ಮೆ. ಹತ್ತಿಗೆ ಬಣ್ಣ ಕಟ್ಟುವ ವಿದ್ಯೆ ನಮ್ಮವರಿಗೆ ತಿಳಿಯದುದಲ್ಲ; ಇಲ್ಲಿ ಬೇಕಾದುದು ರೇಷ್ಮೆಯ ಹೊಳಪು. ಅಂತೂ ಅಲ್ಲಿಯೂ ಇಲ್ಲಿಯೂ ಸಸ್ಯದ ನೂಲು ಭಾರ ಹೊರುವುದು, ಪ್ರಾಣಿಜನ್ಯವಾದುದು ಶೋಭೆ ಕೊಡುವುದು. ಅಮರನ ಕ್ರಮದಲ್ಲಿ ಹೇಳುವುದಾದರೆ ಈಜಿಪ್ಟಿನವರು ಮೊದಲನೆಯದಕ್ಕೆ ನಾಲ್ಕನೆಯದನ್ನು ಕೂಡಿಸಿದರು, ನಮ್ಮವರು ಎರಡನೆಯದಕ್ಕೆ ಮೂರನೆಯದನ್ನು.

ಕೂಡಿಸುವ ರೀತಿ ಮಾತ್ರ ಬೇರೆ, ನನ್ನ ಎಣಿಕೆಯಲ್ಲಿ ಹೆಚ್ಚು ಜಾಣ್ಮೆಯದು. ಈಜಿಪ್ಟಿನ ಬಟ್ಟೆಯಲ್ಲಿ ಎರಡು ನೂಲುಗಳು ಒಂದನ್ನೊಂದು ಅಡ್ಡಹಾಯುತ್ತವೆ. ಇಳಕಲ್ಲ ಸೀರೆಯಲ್ಲಿಯೋ ಹಾಸಿಗೆ ಹಾಸೇ ಜೋಡಣೆ: ಒಡಲಿನ ಎಳೆಗಳ ಕುಣಿಕೆಯೊಳಗೆ ಸೆರಗಿನ ಎಳೆಗಳ ಕುಣಿಕೆಯನ್ನು ಸಾಲಾಗಿ ಕೋಯುತ್ತಾರೆ. ಇದಕ್ಕೆ ಕೊಂಡಿಯೆಂದು ಹೆಸರು. ಹೀಗಾಗಿ ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿಯೇ ಅಣಿಮಾಡಬೇಕು.