ಗೂಢಚಾರಿಣಿಯರಿಗೂ ಒಂದು ಶಾಲೆ!



ಗೂಢಚಾರ ಅಂದ ಕೂಡಲೇ ನಮಗೆ ಸಿನಿಮಾ ನೆನಪಾಗುತ್ತೆ. ಕಪ್ಪು ಕನ್ನಡಕ, ಪಿಸ್ತೂಲು, ಅದೂ ಬರೀ ಗಂಡಸರು. ಆದರೆ ಹೆಣ್ಣುಮಕ್ಕಳಿಗೂ ಈ ವಿದ್ಯೆ ಕಲಿಸಿದ ಶಾಲೆಗಳು ನಿಜವಾಗಿ ಇದ್ದವು. ಅಲ್ಲಿ ಕಲಿತ ಒಬ್ಬಾಕೆ ನಮ್ಮ ಟಿಪ್ಪು ಸುಲ್ತಾನನ ವಂಶದವಳು! ಹೆಸರು ನೂರ್ ಇನಾಯತ್ ಖಾನ್. ಆಕೆಯ ಬಗ್ಗೆ ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನೂರ್ ಹುಟ್ಟಿದ್ದು 1914ರಲ್ಲಿ, ಮಾಸ್ಕೋದಲ್ಲಿ. ತಂದೆ ಸಂಗೀತಗಾರರು, ಸೂಫಿ ಗುರುಗಳು. ಬೆಳೆದದ್ದು ಪ್ಯಾರಿಸ್ಸಿನಲ್ಲಿ. ಮಕ್ಕಳ ಕಥೆ ಬರೆಯುತ್ತಿದ್ದಳು. ಬುದ್ಧನ ಜಾತಕ ಕಥೆಗಳ ಪುಸ್ತಕವನ್ನೂ 1939ರಲ್ಲಿ ಹೊರತಂದಳು. 1940ರಲ್ಲಿ ಜರ್ಮನರು ಫ್ರಾನ್ಸನ್ನು ಹಿಡಿದಾಗ ಮನೆಯವರೊಂದಿಗೆ ಇಂಗ್ಲೆಂಡಿಗೆ ಹೋದಳು. 1943ರಲ್ಲಿ ಬ್ರಿಟಿಷರ ಗುಪ್ತ ಸಂಸ್ಥೆ ಆಕೆಯನ್ನು ಸೇರಿಸಿಕೊಂಡಿತು.

ಏನೇನು ಪಾಠ?

1. ಓಟ, ಬಂದೂಕು ಹಿಡಿಯೋದು.
2. ಮೋರ್ಸ್ ಸಂಕೇತ. ಕಟ್ಟು-ಕಡ ಶಬ್ದದಲ್ಲೇ ತಂತಿ ಕಳಿಸೋದು.
3. ಸುಳ್ಳು ಹೆಸರು, ಸುಳ್ಳು ಊರು ಹೇಳಿಕೊಂಡು ಬದುಕೋದು.
4. ನಡುರಾತ್ರಿ ಎಬ್ಬಿಸಿ, ಶತ್ರು ಪೊಲೀಸರ ವೇಷದ ಮೇಷ್ಟ್ರುಗಳು ಗದರಿಸಿ ಪ್ರಶ್ನೆ ಕೇಳೋದು.
5. ಗುಪ್ತ ಬರಹ.

ಗುಪ್ತ ಬರಹದ ಒಂದು ಸುಲಭ ರೀತಿ ನೋಡಿ. 'ಹರಿಹರ ಸೇತುವೆಗೆ ಬಾ' ಎಂಬುದನ್ನು ಸಾಲಿಗೆ ಮೂರು ಅಕ್ಷರದಂತೆ ಬರೆಯಿರಿ:

ಹ ರಿ ಹ
ರ ಸೇ ತು
ವೆ ಗೆ ಬಾ

ಈಗ ಮೇಲಿನಿಂದ ಕೆಳಕ್ಕೆ ಓದಿ: 'ಹರವೆ ರಿಸೇಗೆ ಹತುಬಾ.' ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಈ ಚೀಟಿ ಬಿದ್ದು ಸಿಕ್ಕರೂ ಯಾರಿಗೂ ತಿಳಿಯೋಲ್ಲ! ನಿಜವಾದ ಗೂಢಚಾರರು ಅಕ್ಷರಗಳನ್ನು ಹೀಗೆ ಎರಡೆರಡು ಸಲ ಅದಲುಬದಲು ಮಾಡುತ್ತಿದ್ದರು.

ಆ ಶಾಲೆಯಲ್ಲಿ ನೂರ್ ಜಾಣೆ ಅನ್ನಿಸಿಕೊಳ್ಳಲಿಲ್ಲ. ಗದರಿಸಿದಾಗ ಬೆದರಿ ನಡುಗಿದಳು. ಈಕೆ ಈ ಕೆಲಸಕ್ಕೆ ಆಗುವುದಿಲ್ಲವೆಂದು ಕೆಲವು ಶಿಕ್ಷಕರು ವರದಿ ಬರೆದರು. ಆದರೆ ತಂತಿ ಕಳಿಸುವವರು ತುರ್ತಾಗಿ ಬೇಕಿದ್ದರು. 1943ರ ಜೂನ್‌ನಲ್ಲಿ ರಾತ್ರಿ ಪುಟ್ಟ ವಿಮಾನದಲ್ಲಿ ಫ್ರಾನ್ಸಿಗೆ ಕಳಿಸಿಬಿಟ್ಟರು. ಗುಪ್ತನಾಮ 'ಮ್ಯಾಡಲಿನ್'.

ಕೆಲವೇ ದಿನಗಳಲ್ಲಿ ಜೊತೆಯವರಲ್ಲಿ ಹಲವರು ಸಿಕ್ಕಿಬಿದ್ದರು. ವಾಪಸ್ ಬಾ ಎಂದರೂ ಆಕೆ ಬರಲಿಲ್ಲ. ತಾನು ಹೋದರೆ ಸುದ್ದಿ ಕಳಿಸೋರು ಯಾರು? ಆಗಿನ ವೈರ್‌ಲೆಸ್ ಪೆಟ್ಟಿಗೆ ಸುಮಾರು 15 ಕಿಲೋ, ಅಂದರೆ ಮಂಡಿಪೇಟೆಯ ಒಂದು ಎಣ್ಣೆ ಡಬ್ಬಿಯಷ್ಟು ಭಾರ. ಒಂದೇ ಕಡೆ ಹೆಚ್ಚು ಹೊತ್ತು ಕಳಿಸಿದರೆ ಶತ್ರುಗಳು ಅಲೆಯ ಜಾಡು ಹಿಡಿದು ಬರುತ್ತಿದ್ದರು. ಹಾಗಾಗಿ ಮನೆಯಿಂದ ಮನೆಗೆ ಜಾಗ ಬದಲಿಸುತ್ತಾ ಮೂರು ತಿಂಗಳಿಗೂ ಹೆಚ್ಚು ಕಾಲ ಸುದ್ದಿ ಕಳಿಸಿದಳು.

ಅಕ್ಟೋಬರ್‌ನಲ್ಲಿ ಸೆರೆಯಾದಳು. ಎರಡು ಸಲ ತಪ್ಪಿಸಿಕೊಳ್ಳಲು ನೋಡಿದಳು. ಆಮೇಲೆ ತಿಂಗಳುಗಟ್ಟಲೆ ಸರಪಳಿ ಹಾಕಿದ್ದರು. ಆದರೂ ಜೊತೆಯವರ ಗುಟ್ಟು ಬಿಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು. ಆಗ ಆಕೆಗೆ ಮೂವತ್ತೇ ವರ್ಷ. 1949ರಲ್ಲಿ ಬ್ರಿಟನ್ 'ಜಾರ್ಜ್ ಕ್ರಾಸ್' ಪದಕ ಕೊಟ್ಟಿತು.

ಪರೀಕ್ಷೆಯಲ್ಲಿ ನಡುಗಿದವಳು ನಿಜವಾದ ಶತ್ರುವಿನ ಎದುರು ಬಾಯಿ ಬಿಡಲಿಲ್ಲ. ಹಾಗಾದರೆ ವರದಿಯೊಂದರಿಂದಲೇ ಒಬ್ಬರ ಧೈರ್ಯ ಅಳೆಯೋಕೆ ಆಗುತ್ತಾ? ನನಗಂತೂ ಆಗೋಲ್ಲ ಅನಿಸುತ್ತೆ.

ನಿಮಗೊಂದು ಕೆಲಸ. ಇದನ್ನು ಬಿಡಿಸಿ: 'ಆಮೌಗೆ ಕೆನದ್ದಿ ಯವೇತು.' ಉತ್ತರ ಮುಂದಿನ ಸಂಚಿಕೆಯಲ್ಲಿ!